ಹಾಸಿಗೆ ಹಿಗ್ಗಿಸೋದು ಸುಲಭ, ಮಡಚೋದೇ ಕಷ್ಟ

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ವಿಷಯ ಇರಲಿಲ್ಲ ಅಂತಲ್ಲ. ಮಾರಿಕುಪ್ಪಂ ಟ್ರೈನಿನಲ್ಲಿ ಬೆಂಗಳೂರಿಗೆ ನಿಂತು ಹೋಗಿ, ನಿಂತೇ ವಾಪಸ್ ಬರೋ ಹೊತ್ತಿಗೆ ಕೀಲಿಮಣೆ ಕುಟ್ಟುವ ಉತ್ಸಾಹ ಉಳಿದಿರೋದಿಲ್ಲ. ಆದರೆ ಕಳೆದ ಶುಕ್ರವಾರ ರಾತ್ರಿ ನಡೆದ ಒಂದು ಸಣ್ಣ ಘಟನೆ ತಲೆಯಲ್ಲೇ ಕೂತುಬಿಟ್ಟಿದೆ. ಬರೆದು ಇಳಿಸಿಬಿಡೋಣ ಅಂತ ಕೂತೆ.

ರಾತ್ರಿ ಹನ್ನೊಂದೂವರೆ. ಉರಿಗಾಂನ ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದ್ದರು. ಆ ವಾರ ರಾತ್ರಿ ಪಾಳಿ ನನ್ನದು, ಅಂದರೆ ಸರ್ವರ್‌ಗಳಿಗೆ ಏನೇ ಆದರೂ ಮೊದಲು ಕೂಗೋದು ನನ್ನ ಫೋನು. ಕೂಗಿತು. ಒಂದು ಲಿನಕ್ಸ್ ಸರ್ವರಿನ 'ವಾರ್' ವಿಭಾಗ 98% ತುಂಬಿದೆ ಅಂತ ಸಂದೇಶ. ಅಮ್ಮ ಒಳಗಿಂದಲೇ "ಏನಪ್ಪಾ ಅದು ಈ ಹೊತ್ತಲ್ಲಿ?" ಅಂದರು. "ಏನಿಲ್ಲಮ್ಮ, ಜಾಗ ಸಾಲ್ತಿಲ್ಲವಂತೆ" ಅಂದೆ. "ಮೊನ್ನೆ ತಾನೇ ಅದೇ ಹೇಳ್ದೆ" ಅಂದು ಮಗ್ಗುಲು ಬದಲಿಸಿದರು.

ಅಮ್ಮ ಹೇಳಿದ್ದು ಸರಿ. ಅದೇ ಸರ್ವರ್, ಅದೇ ವಿಭಾಗ, ಮೂರನೇ ಸಲ. ಮೊದಲ ಸಲ 50 ಜಿಬಿ ಇದ್ದದ್ದನ್ನು 100 ಮಾಡಿದ್ದೆ. ಹನ್ನೆರಡು ದಿನಕ್ಕೆ ಅದೂ ತುಂಬಿತು. 200 ಮಾಡಿದೆ. ಇಪ್ಪತ್ತೈದು ದಿನಕ್ಕೆ ಅದೂ ತುಂಬಿತು. ಎರಡೂ ಸಲ ನನಗೆ ಹಿಡಿದ ಸಮಯ ನಾಲ್ಕೈದು ನಿಮಿಷ. ಹಿಗ್ಗಿಸಿದೆ, 'ಸರಿಯಾಯ್ತು' ಅಂತ ಬರೆದೆ, ಮಲಗಿದೆ. ಈ ಸಲ 400 ಮಾಡೋಕೆ ಅಂತ ಕೈ ಹೋಗಿದ್ದು ಯಾಕೋ ತಡೆಯಿತು. ಅಲ್ಲಾ, ಇಷ್ಟೊಂದು ತಿಂತಾ ಇರೋದು ಯಾರು?

ಇಲ್ಲಿಗೆ ಬರೋರಲ್ಲಿ ಕಂಪ್ಯೂಟರ್ ಕೆಲಸದವರಲ್ಲದ ಗೆಳೆಯರೂ ಇದ್ದೀರಿ, ನಿಮಗಾಗಿ ಒಂದೆರಡು ಮಾತು. ಡಿಸ್ಕ್ ಅಂದರೆ ಖಾಲಿ ಸೈಟು ಅಂದುಕೊಳ್ಳಿ. ಫೈಲ್‌ಸಿಸ್ಟಮ್ ಅಂದರೆ ಅದರ ಮೇಲೆ ಕಟ್ಟಿದ ಮನೆ. ಸೈಟು ದೊಡ್ಡದಾದ ಮಾತ್ರಕ್ಕೆ ಮನೆ ದೊಡ್ಡದಾಗೋದಿಲ್ಲ. ಹೊಸಬರು ಎಡವೋದು ಇಲ್ಲೇ. ಡಿಸ್ಕ್ ದೊಡ್ಡದು ಮಾಡಿ, 'ಡಿಎಫ್' ಕಮಾಂಡ್ ಹೊಡೆದು, ಸಂಖ್ಯೆ ಯಾಕೆ ಬದಲಾಗಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ. ಮೊದಲು ಡಿಸ್ಕ್, ಆಮೇಲೆ ಪಾರ್ಟಿಶನ್, ಆಮೇಲೆ ಎಲ್‌ವಿಎಂ ಇದ್ದರೆ ಅದರ ಪದರಗಳು, ಕೊನೆಗೆ ಫೈಲ್‌ಸಿಸ್ಟಮ್. ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಿಗ್ಗಿಸುತ್ತಾ ಬರಬೇಕು.

ನಮ್ಮ ಕೋಲಾರ ಚಿನ್ನದ ಗಣಿ ಕಡೆಯವರಿಗೆ ಇದನ್ನು ಹೇಳಿಕೊಡೋದು ಬೇಡ. ಗಣಿ ಕಾರ್ಮಿಕರಿಗೆ ಕೊಟ್ಟ 'ಲೈನ್' ಮನೆಗಳನ್ನು ನೋಡಿದವರಿಗೆ ಗೊತ್ತು. ಸಾಲಾಗಿ ಗೋಡೆಗೆ ಗೋಡೆ ಅಂಟಿಕೊಂಡ ಪುಟ್ಟ ಮನೆಗಳು. ಮಗನಿಗೆ ಮದುವೆ ಆಯ್ತು ಅಂದರೆ ಮುಂದಕ್ಕೆ ಒಂದು ತಟ್ಟಿ, ಮೇಲೊಂದು ತಗಡು. ಮೊಮ್ಮಗ ಹುಟ್ಟಿದ ಅಂದರೆ ಇನ್ನಷ್ಟು ಮುಂದಕ್ಕೆ. ನಾನು ಓದಿದ್ದು, ಬೆಳೆದಿದ್ದು ಅಂಥದೇ ಒಂದು ತಗಡಿನ ಕೆಳಗೆ. ಆ ಲೈನಿನಲ್ಲಿ ಮುಂದಕ್ಕೆ ಹಿಗ್ಗಿದ ಮನೆಗಳನ್ನು ಎಷ್ಟೋ ನೋಡಿದ್ದೇನೆ, ಹಿಂದಕ್ಕೆ ಸರಿದದ್ದನ್ನು ಒಂದನ್ನೂ ನೋಡಿಲ್ಲ.

ಫೈಲ್‌ಸಿಸ್ಟಮ್ ಕೂಡ ಹೀಗೇ. ಲಿನಕ್ಸಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಕ್ಸ್‌ಟ್4 ತನ್ನ ಜಾಗವನ್ನು ಸಾಮಾನ್ಯವಾಗಿ 128 ಎಂಬಿಯ ಗುಂಪುಗಳಾಗಿ ವಿಂಗಡಿಸಿಕೊಳ್ಳುತ್ತೆ. ಹಿಗ್ಗಿಸೋದು ಅಂದರೆ ಕೊನೆಯಲ್ಲಿ ಹೊಸ ಗುಂಪುಗಳನ್ನು ಸೇರಿಸಿ, ಸೂಪರ್‌ಬ್ಲಾಕ್ ಎಂಬ ಮುಖ್ಯ ಲೆಕ್ಕದ ಪುಟದಲ್ಲಿ 'ಈಗ ನಮ್ಮ ಹತ್ತಿರ ಇಷ್ಟು ಜಾಗ ಇದೆ' ಅಂತ ತಿದ್ದೋದು. ಇದ್ದ ಫೈಲುಗಳನ್ನು ಅಲ್ಲಾಡಿಸಬೇಕಾಗೇ ಇಲ್ಲ. ಕುಗ್ಗಿಸೋದು ಹಾಗಲ್ಲ. ಕೊನೆಯ ಕೋಣೆಯಲ್ಲಿ ಯಾರು ಮಲಗಿದ್ದಾರೆ ನೋಡಬೇಕು, ಎಬ್ಬಿಸಿ ಮುಂದಿನ ಕೋಣೆಗೆ ಕರೆತರಬೇಕು, ಯಾರ ವಿಳಾಸ ಎಲ್ಲಿಗೆ ಬದಲಾಯ್ತು ಅಂತ ಬರೆದಿಡಬೇಕು, ಆಮೇಲೆ ಗೋಡೆ ಕೆಡವಬೇಕು. ಅದಕ್ಕೇ ಎಕ್ಸ್‌ಟ್4 ಅನ್ನು ನಡೆಯುತ್ತಿರುವಾಗಲೇ ಹಿಗ್ಗಿಸಬಹುದು, ಕುಗ್ಗಿಸಬೇಕಾದರೆ ಅನ್‌ಮೌಂಟ್ ಮಾಡಲೇಬೇಕು. ಎಕ್ಸ್‌ಎಫ್‌ಎಸ್ ಇನ್ನೂ ಖಡಕ್ಕು. 1994ರಲ್ಲಿ ಐರಿಕ್ಸ್ ಜೊತೆ ಹೊರಬಂದಾಗಿನಿಂದ ಅದು ಹಿಗ್ಗೋದನ್ನಷ್ಟೇ ಬಲ್ಲದು. 2021ರಲ್ಲಿ ಬಂದ ಲಿನಕ್ಸ್ 5.13ರಲ್ಲಿ ಕುಗ್ಗಿಸುವ ಸೌಲಭ್ಯ ಪ್ರಾಯೋಗಿಕವಾಗಿ ಸೇರಿತು, ಅದೂ ಕೊನೆಯ ತುಂಡಿನಲ್ಲಿ ಖಾಲಿ ಜಾಗ ಇದ್ದರೆ ಮಾತ್ರ. 2014ರ ರೆಡ್ ಹ್ಯಾಟ್ 7ರಿಂದ ಇದೇ ಅವರ ಡೀಫಾಲ್ಟ್ ಆದ್ದರಿಂದ ಎಷ್ಟೋ ಕಂಪನಿ ಸರ್ವರ್‌ಗಳಲ್ಲಿ ಇರೋದು ಇದೇ. ಮೋಡದ ಡಿಸ್ಕಿನ ಕಥೆಯೂ ಅಷ್ಟೇ. ಅಮೆಜಾನಿನ ಇಬಿಎಸ್ ಡಿಸ್ಕನ್ನು ಓಡುತ್ತಿರುವಾಗಲೇ ದೊಡ್ಡದು ಮಾಡಬಹುದು, ಚಿಕ್ಕದು ಮಾಡಲಾಗದು. ಹೊಸ ಚಿಕ್ಕ ಡಿಸ್ಕ್ ಮಾಡಿ ಎಲ್ಲವನ್ನೂ ನಕಲಿಸಬೇಕು.

ಅಂದರೆ ಹಿಗ್ಗಿಸುವ ಪ್ರತಿ ನಿರ್ಧಾರವೂ ಒಂದು ಒನ್ ವೇ ರಸ್ತೆ. ಅದನ್ನು ನಾವು ನಿದ್ದೆಗಣ್ಣಲ್ಲಿ ನಾಲ್ಕು ನಿಮಿಷದಲ್ಲಿ ತೆಗೆದುಕೊಳ್ಳುತ್ತಿದ್ದೇವೆ. ನನ್ನ ತಕರಾರು ಇರೋದು ಇಲ್ಲೇ.

ಮೊದಲು ಹೀಗಿರಲಿಲ್ಲ. ಹಳೆಯ ಯುನಿಕ್ಸ್‌ನಲ್ಲಿ ಫೈಲ್‌ಸಿಸ್ಟಮ್ ಕಟ್ಟುವಾಗ ಎಷ್ಟು ಅಂತ ಹೇಳಿದ್ದೆವೋ ಅಷ್ಟೇ. ಸಾಲದಿದ್ದರೆ ಎಲ್ಲವನ್ನೂ ಟೇಪಿಗೆ ಇಳಿಸಿ, ದೊಡ್ಡದಾಗಿ ಮತ್ತೆ ಕಟ್ಟಿ, ಟೇಪಿನಿಂದ ವಾಪಸ್ ತುಂಬಬೇಕಿತ್ತು. 1990ರಲ್ಲಿ ಐಬಿಎಂನ ಎಐಎಕ್ಸ್ 3 ಬಂದಾಗ ಲಾಜಿಕಲ್ ವಾಲ್ಯೂಮ್ ಜೊತೆಗೆ ನಡೆಯುತ್ತಿರುವ ಫೈಲ್‌ಸಿಸ್ಟಮ್ ಹಿಗ್ಗಿಸುವ ಸೌಕರ್ಯವೂ ಬಂತು. ಲಿನಕ್ಸಿಗೆ ಎಲ್‌ವಿಎಂ ಬರೆಯೋಕೆ 1998ರಲ್ಲಿ ಹೈನ್ಸ್ ಮೌವೆಲ್ಸ್‌ಹಾಗೆನ್ ಶುರು ಮಾಡಿದರು, ಎಚ್‌ಪಿ-ಯುಎಕ್ಸ್‌ನಲ್ಲಿ ಇದ್ದದ್ದರ ಮಾದರಿಯಲ್ಲಿ. ಈಗ ಎಲ್‌ವಿಎಕ್ಸ್‌ಟೆಂಡ್ ಅನ್ನೋ ಕಮಾಂಡಿಗೆ 'ಆರ್' ಅಂತ ಒಂದಕ್ಷರ ಸೇರಿಸಿದರೆ ಅದು ವಾಲ್ಯೂಮನ್ನೂ ಹಿಗ್ಗಿಸಿ, ಮೇಲಿನ ಫೈಲ್‌ಸಿಸ್ಟಮನ್ನೂ ತಾನೇ ಹಿಗ್ಗಿಸಿಬಿಡುತ್ತೆ.

ಟೇಪಿನ ಕಾಲಕ್ಕೆ ವಾಪಸ್ ಹೋಗೋಣ ಅಂತ ಖಂಡಿತ ಹೇಳ್ತಿಲ್ಲ! ಆದರೆ ಆ ಕಷ್ಟದಲ್ಲಿ ಒಂದು ಲಾಭ ಇತ್ತು. ಭಾನುವಾರ ಪೂರ್ತಿ ಸರ್ವರ್ ನಿಲ್ಲಿಸಬೇಕು ಅಂದಾಗ ಮೇಲಿನವರು ಕೇಳುತ್ತಿದ್ದರು, "ಯಾಕೆ ಬೇಕು? ಏನು ತುಂಬಿದೆ?" ಕಷ್ಟ ಹೋಯಿತು, ಒಳ್ಳೆಯದೇ ಆಯಿತು. ಜೊತೆಗೆ ಆ ಪ್ರಶ್ನೆಯೂ ಹೋಯಿತು.

ಸರಿ, ಶುಕ್ರವಾರಕ್ಕೆ ಬರ್ತೀನಿ. 'ಡಿಯು' ಹೊಡೆದು ಒಂದೊಂದೇ ಫೋಲ್ಡರ್ ಇಳಿಯುತ್ತಾ ಹೋದೆ. ಒಂದೇ ಒಂದು ಲಾಗ್ ಫೈಲು, ಸುಮಾರು 165 ಜಿಬಿ! ದಿನಕ್ಕೆ ನಾಲ್ಕು ಜಿಬಿಯಂತೆ ಬೆಳೆಯುತ್ತಾ ಬಂದಿದೆ. ಯಾವುದೋ ಒಂದು ತೊಂದರೆ ಹುಡುಕೋಕೆ ಯಾರೋ ಒಂದು ಸೇವೆಯ ಲಾಗನ್ನು 'ಡಿಬಗ್' ಮಟ್ಟಕ್ಕೆ ಏರಿಸಿ, ಕೆಲಸ ಆದಮೇಲೆ ಇಳಿಸೋದು ಮರೆತಿದ್ದಾರೆ. ಹೊಸ ಫೈಲಾದ್ದರಿಂದ ಲಾಗ್‌ರೊಟೇಟ್ ಪಟ್ಟಿಯಲ್ಲೂ ಇರಲಿಲ್ಲ. ಯಾರಪ್ಪಾ ಈ ಪುಣ್ಯಾತ್ಮ ಅಂತ ಬದಲಾವಣೆಗಳ ದಾಖಲೆ ತೆಗೆದು ನೋಡಿದರೆ... ನಾನೇ :-)

ಅವಸರದಲ್ಲಿ ಇನ್ನೊಂದು ತಪ್ಪೂ ಮಾಡಿದೆ. ಬೇಕಾದ ಭಾಗವನ್ನು ಒತ್ತಿ ಬೇರೆ ಕಡೆ ಸಾಗಿಸಿ, ಲಾಗನ್ನು ಅಳಿಸಿದೆ. ಡಿಎಫ್ ಅಲ್ಲಾಡಲಿಲ್ಲ, ಅದೇ 98%. ಫೈಲನ್ನು ತೆರೆದಿಟ್ಟುಕೊಂಡ ಪ್ರೋಗ್ರಾಮ್ ಇನ್ನೂ ಓಡುತ್ತಿದ್ದರೆ, ಹೆಸರು ಅಳಿದರೂ ಜಾಗ ಬಿಡುಗಡೆ ಆಗೋದಿಲ್ಲ. ಇಂಥ ಅನಾಥ ಫೈಲುಗಳನ್ನು 'ಎಲ್‌ಎಸ್‌ಒಎಫ್' ತೋರಿಸುತ್ತೆ. ಆ ಸೇವೆಯನ್ನು ನಿಲ್ಲಿಸಿ ಮತ್ತೆ ಶುರು ಮಾಡಿದ ಮೇಲೆ 98% ಇದ್ದದ್ದು 17%ಗೆ ಇಳಿಯಿತು. ಇದು ಗೊತ್ತಿಲ್ಲದೆ 'ಅಳಿಸಿದರೂ ಜಾಗ ಬರಲಿಲ್ಲ, ಇನ್ನು ಹಿಗ್ಗಿಸೋದೇ ದಾರಿ' ಅಂದುಕೊಂಡವರು ಎಷ್ಟು ಜನ ಇದ್ದಾರೋ! ಹಾಗೇ ಕೆಲವೊಮ್ಮೆ ಜಾಗ ಇದ್ದರೂ 'ಜಾಗವಿಲ್ಲ' ಅನ್ನುತ್ತೆ. ಕೋಟಿಗಟ್ಟಲೆ ಸಣ್ಣ ಫೈಲುಗಳಿಂದ ಐನೋಡ್ ಖಾಲಿಯಾಗಿರುತ್ತೆ. ಡಿಎಫ್‌ಗೆ 'ಐ' ಸೇರಿಸಿ ನೋಡಬೇಕು. ಎಕ್ಸ್‌ಟ್4 ಆದರೆ ರೂಟ್‌ಗಾಗಿ 5% ಜಾಗ ಎತ್ತಿಟ್ಟಿರುತ್ತೆ. 400 ಜಿಬಿಯಲ್ಲಿ ಅದೇ 20 ಜಿಬಿ. ಇಷ್ಟನ್ನು ನೋಡೋಕೆ ಹತ್ತು ನಿಮಿಷ ಸಾಕು.

ಈಗ ಆ ಸರ್ವರಿನಲ್ಲಿ ಬಳಕೆಯಲ್ಲಿರೋದು 34 ಜಿಬಿ, ಡಿಸ್ಕ್ 200 ಜಿಬಿ. ಅದು ಎಕ್ಸ್‌ಎಫ್‌ಎಸ್, ಕುಗ್ಗದು. ನನ್ನ ಎರಡು ರಾತ್ರಿಯ ನಿದ್ದೆಗಣ್ಣಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು.

"ಅಯ್ಯೋ, ಡಿಸ್ಕ್ ಅಗ್ಗ ಮಾರಾಯ, ನಿನ್ನ ಒಂದು ಗಂಟೆ ಸಂಬಳಕ್ಕಿಂತ ಅಗ್ಗ" ಅಂತ ನನ್ನ ಗೆಳೆಯ ವಾದಿಸಿದ. ಡಿಸ್ಕ್ ಮಾತ್ರ ಲೆಕ್ಕ ಹಾಕಿದರೆ ಅವನ ಮಾತು ನಿಜ. ಆದರೆ ಡಿಸ್ಕ್ ಒಂದೇ ಬರೋದಿಲ್ಲ. ಅದರ ಬ್ಯಾಕಪ್, ಸ್ನ್ಯಾಪ್‌ಶಾಟ್, ಇನ್ನೊಂದು ಊರಿನಲ್ಲಿರೋ ನಕಲು, ಎಲ್ಲ ಜೊತೆಗೇ ದಪ್ಪಗಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲ ಕೆಟ್ಟು ಬ್ಯಾಕಪ್‌ನಿಂದ ವಾಪಸ್ ತರಬೇಕಾದ ದಿನ ಬರುತ್ತೆ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ 50 ಜಿಬಿ ತರೋಕೆ ಎಂಟೂವರೆ ನಿಮಿಷ ಸಾಕು. 400 ಜಿಬಿಗೆ ಒಂದು ಗಂಟೆ ಏಳು ನಿಮಿಷ. ಆ ಒಂದು ಗಂಟೆ ಗ್ರಾಹಕರು ಬಾಗಿಲ ಹೊರಗೆ ನಿಂತಿರುತ್ತಾರೆ, ನಾವು ಒಳಗೆ ಕಸವನ್ನು ಜೋಪಾನವಾಗಿ ಹೊತ್ತು ತರುತ್ತಿರುತ್ತೇವೆ.

ಇನ್ನೊಂದು ವಾದವೂ ಇದೆ, ಇದು ನನಗೆ ಹೆಚ್ಚು ಗಟ್ಟಿ ಅನ್ನಿಸಿದ್ದು. "ಹಳೇದು ಅಂತ ಅಳಿಸಬೇಡ, ಮುಂದೆ ಬೇಕಾಗಬಹುದು." ನಮ್ಮೂರಿನವನಾಗಿ ಇದನ್ನು ತಳ್ಳಿಹಾಕಲಾರೆ. ಉರಿಗಾಂ ಸ್ಟೇಷನ್ ಆಸುಪಾಸಿನಲ್ಲಿ ಎತ್ತ ನೋಡಿದರೂ ಸೈನೈಡ್ ದಿಬ್ಬಗಳು. ಅದಿರನ್ನು ಪುಡಿ ಮಾಡಿ, ಸೈನೈಡಿನಲ್ಲಿ ಚಿನ್ನ ತೆಗೆದು, ಉಳಿದದ್ದನ್ನು ಸುರಿದ ಗುಡ್ಡಗಳು. ಒಟ್ಟು ಮೂರು ಕೋಟಿ ಟನ್‌ಗೂ ಹೆಚ್ಚು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಆಗ ನನಗೆ ಮೂರು ವರ್ಷ. ದಿಬ್ಬಗಳು ಹಾಗೇ ಉಳಿದವು. ಗಾಳಿ ಜೋರಾಗಿ ಬೀಸುವ ದಿನ ಆ ಬೂದಿ ಬಣ್ಣದ ಧೂಳು ತಟ್ಟೆಗೂ ಬರುತ್ತೆ, ಒಣಹಾಕಿದ ಬಟ್ಟೆಗೂ ಬರುತ್ತೆ. ಆದರೆ ಅದರಲ್ಲಿ ಇನ್ನೂ ಸ್ವಲ್ಪ ಚಿನ್ನ ಇದೆ. 2024ರ ಜೂನ್‌ನಲ್ಲಿ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ನೋಡಿ, ಕಸ ಅಂದದ್ದೂ ಬೇಕಾಯಿತು!

ಬೇಕಾಯಿತು ನಿಜ. ಆದರೆ ಯಾವ ದಿಬ್ಬ ಎಲ್ಲಿದೆ, ಅದರಲ್ಲಿ ಏನಿದೆ ಅಂತ ಅಳೆದು ನೋಡಿದವರಿದ್ದಾರೆ ಅನ್ನೋ ಕಾರಣಕ್ಕೆ. ನನ್ನ 165 ಜಿಬಿಯಲ್ಲಿ ಏನಿದೆ ಅಂತ ಯಾರೂ ನೋಡಿರಲಿಲ್ಲ. ಲಾಗ್ ಇಟ್ಟುಕೊಳ್ಳಲೇಬೇಕಾದ ಕಾರಣಗಳೂ ಇವೆ. ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ 180 ದಿನಗಳ ಲಾಗ್ ಇಟ್ಟುಕೊಂಡಿರಬೇಕು ಅಂತ ಹೇಳಿದೆ. ಇಡೋಣ. ಒತ್ತಿ, ದಿನಾಂಕ ಹಾಕಿ, ಬೇರೆ ಅಗ್ಗದ ಜಾಗದಲ್ಲಿ ಇಡೋಣ. ಓಡುತ್ತಿರೋ ಸರ್ವರಿನ ಹೊಟ್ಟೆಯಲ್ಲಿ ಯಾಕೆ? 'ಇಡಬೇಕು' ಅಂತ ನಿರ್ಧರಿಸಿ ಇಡೋದಕ್ಕೂ, ನೋಡೋಕೆ ಸೋಮಾರಿತನ ಅಂತ ಇಡೋದಕ್ಕೂ ವ್ಯತ್ಯಾಸ ಇದೆ.

'ಸರಿ, ಸುಮ್ಮನೆ ದೊಡ್ಡದಾಗಿದ್ದರೆ ಕುಗ್ಗಿಸಿಬಿಡು' ಅನ್ನೋರಿಗೆ ನನ್ನದೇ ಒಂದು ಕಥೆ ಇದೆ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

2018, ಇಂಜಿನಿಯರಿಂಗ್ ಎರಡನೇ ವರ್ಷ. ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿ ಭೂಮಿಯೊಳಗೆ ಕೆಲಸ ಮಾಡಿದವರು, ಸುರಂಗಕ್ಕೆ ಮರದ ಆಧಾರ ಕೊಡೋ ತಂಡದಲ್ಲಿ. ಆ ವರ್ಷ ದಸರಾ ರಜೆಯಲ್ಲಿ ಅವರನ್ನು ಕೂರಿಸಿಕೊಂಡು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿದ್ದೆ. ಹನ್ನೊಂದು ಫೈಲು, ಸುಮಾರು ಮೂರು ಗಂಟೆ. ಕೇಜ್‌ನಲ್ಲಿ ಇಳಿಯೋದು, ಒಳಗಿನ ಸೆಕೆ, ಜೊತೆಯವರು, ವಾಪಸ್ ಬಾರದವರು. ಎಲ್ಲವನ್ನೂ ಮನೆಯ ಲಿನಕ್ಸ್ ಕಂಪ್ಯೂಟರಿಗೆ ಹಾಕಿ, ಫೋನಿನಲ್ಲಿ ಜಾಗ ಇಲ್ಲ ಅಂತ ಫೋನಿನಿಂದ ಅಳಿಸಿದ್ದೆ.

ಎರಡು ತಿಂಗಳಿಗೆ ರೂಟ್ ವಿಭಾಗ ತುಂಬಿತು. ಹೋಮ್‌ನಿಂದ 30 ಜಿಬಿ ಕಿತ್ತು ರೂಟ್‌ಗೆ ಕೊಡೋಣ ಅಂತ ಹೊರಟೆ. ಹಿಗ್ಗಿಸುವಾಗ ಮೊದಲು ನೆಲ, ಆಮೇಲೆ ಹಾಸಿಗೆ. ಕುಗ್ಗಿಸುವಾಗ ಮೊದಲು ಹಾಸಿಗೆ ಮಡಚಬೇಕು, ಆಮೇಲೆ ನೆಲ ಕತ್ತರಿಸಬೇಕು. ಅಂದರೆ ಮೊದಲು ಫೈಲ್‌ಸಿಸ್ಟಮ್, ಆಮೇಲೆ ವಾಲ್ಯೂಮ್. ನಾನು ಹಿಗ್ಗಿಸಿದ ಕ್ರಮದಲ್ಲೇ ಕುಗ್ಗಿಸಿದೆ. ಎಲ್‌ವಿರೆಡ್ಯೂಸ್ 'ಇದರಿಂದ ನಿಮ್ಮ ಡೇಟಾ ನಾಶವಾಗಬಹುದು' ಅಂತ ಎಚ್ಚರಿಸಿತು. ಎಲ್ಲ ಎಚ್ಚರಿಕೆಗಳೂ ಹಾಗೇ ಅಲ್ವಾ ಅಂತ ಹೂಂ ಅಂದೆ. ಕಿತ್ತ 30 ಜಿಬಿಯನ್ನು ರೂಟ್‌ಗೆ ಸೇರಿಸಿ ಹಿಗ್ಗಿಸಿದೆ. ಹೋಮ್ ಮೌಂಟ್ ಆಗಲಿಲ್ಲ. ಗಾಬರಿಯಲ್ಲಿ ಎಫ್‌ಎಸ್‌ಸಿಕೆ ಓಡಿಸಿದೆ. ಫೈಲ್‌ಸಿಸ್ಟಮ್ ಹೇಳುವ ಅಳತೆಗೂ ಡಿಸ್ಕಿನ ಅಳತೆಗೂ ತಾಳೆ ಇಲ್ಲ, ನಿಲ್ಲಿಸಲಾ ಅಂತ ಕೇಳಿತು. ಬೇಡ ಅಂದೆ. ಸರಿ ಮಾಡಲಾ ಅಂತ ಆಮೇಲೆ ಕೇಳಿದ್ದಕ್ಕೆಲ್ಲ ಹೂಂ ಹೂಂ ಅಂದೆ.

ಲಾಸ್ಟ್ ಅಂಡ್ ಫೌಂಡ್ ಫೋಲ್ಡರಿನಲ್ಲಿ ಬರೀ ಸಂಖ್ಯೆಗಳ ಹೆಸರಲ್ಲಿ ಒಂದಷ್ಟು ಫೈಲು ಸಿಕ್ಕವು. ತಾತನ ಹನ್ನೊಂದರಲ್ಲಿ ನಾಲ್ಕು.

ಬಹಳ ತಡವಾಗಿ ಗೊತ್ತಾಗಿದ್ದು ಏನೆಂದರೆ, ಆ 30 ಜಿಬಿಯನ್ನು ರೂಟ್‌ಗೆ ಕೊಡುವ ಮುಂಚೆ ಹೋಮ್‌ಗೇ ವಾಪಸ್ ಸೇರಿಸಿದ್ದರೆ ಒಂದು ಅಕ್ಷರವೂ ಹೋಗುತ್ತಿರಲಿಲ್ಲ. ಎಲ್‌ವಿಎಂ ತನ್ನ ಹಳೆಯ ನಕ್ಷೆಯನ್ನು ಎತ್ತಿಟ್ಟಿರುತ್ತೆ, ಹಾಗೇ ಮರಳಿ ಕೂರಿಸಬಹುದಿತ್ತು. ಹಾಳು ಮಾಡಿದ್ದು ಮೊದಲ ತಪ್ಪಲ್ಲ, ಅದಾದ ಮೇಲಿನ ಅವಸರ.

ತಾತನನ್ನು ಮತ್ತೆ ಕೂರಿಸಿಕೊಂಡೆ. "ಅವತ್ತೇ ಎಲ್ಲಾ ಹೇಳಿದ್ನಲ್ಲೋ ಮಗಾ, ಮತ್ತೆ ಯಾಕೆ?" ಅಂದರು. ಕಳೆದುಕೊಂಡೆ ಅಂತ ಹೇಳೋಕೆ ಬಾಯಿ ಬರಲಿಲ್ಲ. ಹತ್ತು ನಿಮಿಷ ಮಾತಾಡಿ ಎದ್ದು ಹೋದರು. 2021ರಲ್ಲಿ ತೀರಿಕೊಂಡರು. ಉಳಿದ ನಾಲ್ಕರಲ್ಲಿ ಒಂದರಲ್ಲಿ, ಆಧಾರ ನಿಲ್ಲಿಸದೆ ಒಂದು ಕಲ್ಲನ್ನೂ ಕೀಳಬಾರದು ಅಂತ ಹೊಸಬರಿಗೆ ಬೈಯುತ್ತಿದ್ದ ಕಥೆ ಇದೆ. ಅದನ್ನು ಈಗ ಮೂರು ಜಾಗದಲ್ಲಿ ನಕಲು ಮಾಡಿ ಇಟ್ಟಿದ್ದೇನೆ.

ಇಷ್ಟೆಲ್ಲ ಬರೆದದ್ದು ಹಿಗ್ಗಿಸಲೇಬೇಡಿ ಅನ್ನೋಕಲ್ಲ. ರಾತ್ರಿ ಎರಡು ಗಂಟೆಗೆ ಡೇಟಾಬೇಸ್ ಉಸಿರು ಕಟ್ಟುತ್ತಿದ್ದರೆ ಹಿಗ್ಗಿಸಿ, ಯಾರೂ ತಪ್ಪು ಅನ್ನಲ್ಲ. ಆದರೆ ಮೊದಲು ಒಂದು ಲೆಕ್ಕ ಹಾಕಿ. ಶುಕ್ರವಾರ 98% ಅಂತ ಫೋನು ಕೂಗಿದಾಗಲೂ ನನ್ನ ಹತ್ತಿರ ನಾಲ್ಕು ಜಿಬಿ, ಅಂದರೆ ಪೂರ್ತಿ ಒಂದು ದಿನ ಇತ್ತು. ಹಿಗ್ಗಿಸಲೇಬೇಕಾದರೆ ಸ್ವಲ್ಪವೇ ಹಿಗ್ಗಿಸಿ. ವಾಲ್ಯೂಮ್ ಗ್ರೂಪಿನಲ್ಲಿ ಒಂದಷ್ಟು ಜಾಗ ಯಾರಿಗೂ ಹಂಚದೆ ಇಟ್ಟಿರಿ, ಮತ್ತೆ ಬೇಕಾದರೆ ಕೊಡೋದು ನಿಮಿಷದ ಕೆಲಸ. ಮುಟ್ಟುವ ಮುಂಚೆ ಬ್ಯಾಕಪ್ ಇದೆಯಾ ನೋಡಿ. ಬೆಳಿಗ್ಗೆ ಎದ್ದು 'ಸರಿಯಾಯ್ತು' ಅಂತ ಮುಚ್ಚುವ ಮುಂಚೆ, ಏನು ತುಂಬಿತು, ಯಾಕೆ ತುಂಬಿತು ಅಂತ ಒಂದು ಸಾಲು ಬರೆಯಿರಿ. ಬರೆಯೋಕೆ ಆಗದಿದ್ದರೆ ಕೆಲಸ ಮುಗಿದಿಲ್ಲ ಅಂತ ಅರ್ಥ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಹಿರಿಯರು ಹೇಳಿದರು. ನಮ್ಮ ಕಾಲದಲ್ಲಿ ಹಾಸಿಗೆಯನ್ನೇ ಹಿಗ್ಗಿಸಬಹುದು, ಒಪ್ಪಿದೆ. ಆದರೆ ಅಲ್ಲಿ ಮಲಗಿರೋದು ಯಾರು ಅಂತ ಒಮ್ಮೆ ದೀಪ ಹಾಕಿ ನೋಡೋಣ.

ನಿಮಗೂ ಇಂಥ ಅನುಭವ ಆಗಿದ್ದರೆ ಬರೆಯಿರಿ, ಸರ್ವರಿನದ್ದೇ ಆಗಬೇಕಂತಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಟ್ರೈನು ಹಿಡೀಬೇಕು. ಸೀಟು ಸಿಕ್ಕರೆ ಮತ್ತೆ ಸಿಗೋಣ :-)